ಕಣ್ಣು ಮುಚ್ಚಿದರೆ ವಾಪಸ್

ಪುಟ್ಟಿಯ ಫೋಟೊ ಮೂರನೇ ಸಲ ವಾಪಸ್ ಬಂದಿತ್ತು. ಮೊದಲನೆಯದರಲ್ಲಿ ಕಣ್ಣು ಮುಚ್ಚಿದ್ದಳು. ಎರಡನೆಯದರಲ್ಲಿ ಬಾಯಿ ತೆರೆದಿದ್ದಳು. ಮೂರನೆಯದರಲ್ಲಿ ಕಣ್ಣು ಬಾಯಿ ಎಲ್ಲ ಸರಿ, ಆದರೆ ಅವಳನ್ನು ಎತ್ತಿಕೊಂಡಿದ್ದ ಮುದುಕಿಯ ಅರ್ಧ ಮೂಗೂ ಒಳಗೆ ಬಂದಿತ್ತು. 'ಅರ್ಜಿದಾರರು ಒಬ್ಬರೇ ಇರತಕ್ಕದ್ದು' ಎಂದು ಪೌರತ್ವ ಕಚೇರಿಯವರು ಕೆಂಪು ಶಾಯಿಯಲ್ಲಿ ಗೀಚಿ ಕಳಿಸಿದ್ದರು.

ಪುಟ್ಟಿಯ ಅಪ್ಪ ಲಿಫ್ಟ್ ಮೆಕ್ಯಾನಿಕ್. ಕೆಟ್ಟು ನಿಂತ ಲಿಫ್ಟಿನ ಮುಂದೆಯೂ ಕಾಲರ್ ಎತ್ತಿ ಡೈಲಾಗ್ ಹೊಡೆಯುವ ಗಿರಾಕಿಯಾದ್ದರಿಂದ ಬೀದಿಗೆಲ್ಲ ಅವನು 'ಹೀರೊ'. ಹೆಂಡತಿ ನದಿಯಾಚೆಯ ದೇಶದವಳು. ಇಂಥ ಜೋಡಿಯ ಮಗುವನ್ನು ವರ್ಷ ತುಂಬುವುದರೊಳಗೆ ಅಪ್ಪನ ದೇಶದಲ್ಲಿ ಬರೆಸಬೇಕು. ತಪ್ಪಿದರೆ ಹುಟ್ಟಿದ ಮನೆಯಲ್ಲೇ ಮಗು ಪರದೇಶಿ. ಪುಟ್ಟಿಗೆ ನಾಳೆಗೆ ಒಂದು ವರ್ಷ.

"ಮೂರು ತಿಂಗಳಿಗೊಮ್ಮೆ ವಾಸದ ಪರವಾನಗಿ ಕ್ಯೂನಲ್ಲಿ ನಿಂತು ನನ್ನ ಕಾಲೇ ಸವೆದುಹೋಯ್ತು. ಇನ್ಮೇಲೆ ಇವಳನ್ನೂ ಸೊಂಟದ ಮೇಲೆ ಇಟ್ಕೊಂಡು ನಿಲ್ಬೇಕೇನ್ರೀ?" ಎಂದಳು ಹೆಂಡತಿ.

ಹೀರೊ ಎದೆ ಉಬ್ಬಿಸಿದ. "ಈ ಅಪ್ಪನ ಉಸಿರಿರೋವರೆಗೂ ನನ್ನ ಮಗಳ ನೆರಳು ಕೂಡ ಆ ಕ್ಯೂ ಮೇಲೆ ಬೀಳಲ್ಲ!"

ಹಿನ್ನೆಲೆ ಸಂಗೀತಕ್ಕೆ ಕುಕ್ಕರ್ ಸೀಟಿ ಹೊಡೆಯಿತು.

ಇಬ್ಬರು ಸಾಕ್ಷಿಗಳು ಬೇಕಿತ್ತು. ಅಪ್ಪನ ಕಡೆಯ ರಕ್ತಸಂಬಂಧಿಯಾಗಿ ಹೀರೊನನ್ನು ಸಾಕಿ ಬೆಳೆಸಿದ ಸೋದರತ್ತೆ, ಅಂದರೆ ಆ ಅರ್ಧ ಮೂಗಿನ ಒಡತಿ. ನೆರೆಯವರಾಗಿ ಪಕ್ಕದ ಮನೆಯ ಕೋರ್ಟ್ ಮಾಮ. ಇವರು ಮೂವತ್ತು ವರ್ಷ ನ್ಯಾಯಾಲಯದ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಹೆಸರನ್ನೂ ಮೂರು ಸಲ ಕೂಗಿದವರು. ಮಾಮ ನಿವೃತ್ತರಾಗಿದ್ದರೂ ಗಂಟಲಿಗೆ ಇನ್ನೂ ಆರ್ಡರ್ ತಲುಪಿರಲಿಲ್ಲ.

"ಸಾಕ್ಷಿ ಅಂದ್ರೆ ಹುಡುಗಾಟ ಅಲ್ಲಮ್ಮ," ಎಂದು ಅವರು ಅತ್ತೆಗೆ ದಾರಿಯುದ್ದಕ್ಕೂ ಪಾಠ ಮಾಡಿದರು. "ಏನೂ ಮುಚ್ಚಿಡಬಾರದು. ಪೂರ್ತಿ ಹೇಳ್ಬೇಕು! ಪೂರ್ತಿ ಹೇಳ್ಬೇಕು! ಪೂರ್ತಿ ಹೇಳ್ಬೇಕು!"

"ನಾನು ಯಾವತ್ತಪ್ಪಾ ಅರ್ಧ ಹೇಳಿದ್ದೀನಿ?" ಎಂದಳು ಅತ್ತೆ.

ಫೋಟೊ ಸ್ಟುಡಿಯೊದಲ್ಲಿ ಪುಟ್ಟಿ ಫ್ಲ್ಯಾಶ್ ಕಂಡೊಡನೆ ಅಂಗಡಿ ಶಟರ್ ಎಳೆದಂತೆ ರೆಪ್ಪೆ ಎಳೆದಳು. ಹೀರೊ ಕುಣಿದ. ಅತ್ತೆ ಚಪ್ಪಾಳೆ ತಟ್ಟಿದಳು. ಕೋರ್ಟ್ ಮಾಮ ನೆರವಿಗೆಂದು ಪುಟ್ಟಿಯನ್ನು ಮೂರು ಸಲ ಕೂಗಿದ್ದೇ ತಡ, ಮಗು ಕಿಟಾರನೆ ಕಿರುಚಿ ಅರ್ಧ ಗಂಟೆ ಅತ್ತಿತು. ಕೊನೆಗೆ ಹೆಂಡತಿ ಗಂಡನ ಸೊಂಟದಿಂದ ಲಿಫ್ಟ್ ಕೀಲಿಗೊಂಚಲು ಕಿತ್ತು ಝಣಝಣ ಆಡಿಸಿದಳು. ಪುಟ್ಟಿ ಬಾಯಿ ಮುಚ್ಚಿ ಕಣ್ಣರಳಿಸಿದಳು. ಕ್ಲಿಕ್!

ಕಚೇರಿ ನಾಲ್ಕನೇ ಮಹಡಿಯಲ್ಲಿ. ಹೀರೊನ ನೀಲಿ ಯೂನಿಫಾರಂ ಕಂಡು ಕಾವಲುಗಾರ ದೇವರು ಬಂದಂತೆ ಕೈಮುಗಿದ.

"ಬಂದ್ಯಾ ಅಣ್ಣ! ಲಿಫ್ಟ್ ಕೆಟ್ಟು ಎರಡು ದಿನ ಆಯ್ತು."

"ಅಯ್ಯೋ, ನಾನು ರಿಪೇರಿಗೆ ಬಂದಿಲ್ಲ, ಮಗಳ ಪೌರತ್ವಕ್ಕೆ..."

"ಮೊದಲು ರಿಪೇರಿ, ಆಮೇಲೆ ಮಗಳು. ಮೆಟ್ಟಿಲಿಗೆ ಇವತ್ತೇ ಪೇಂಟ್ ಹೊಡೆದಿದ್ದಾರೆ, ಕಾಲಿಡಂಗಿಲ್ಲ."

ಮುಕ್ಕಾಲು ಗಂಟೆ ಗ್ರೀಸಿನಲ್ಲಿ ಮುಳುಗೆದ್ದು ಲಿಫ್ಟ್ ಓಡಿಸಿ, ಐವರೂ ಕೌಂಟರಿನ ಮುಂದೆ ನಿಂತಾಗ ಬಾಗಿಲು ಹಾಕಲು ಹತ್ತೇ ನಿಮಿಷ ಬಾಕಿ. ಅಲ್ಲಿ ಕೂತಿದ್ದ ಸೀಲ್ ಮೇಡಂ ಫೋಟೊ ನೋಡಿದರು. ಸರಿಯಿತ್ತು. ಕಾಗದ ನೋಡಿದರು. ಸರಿಯಿತ್ತು. ಅತ್ತೆಯ ಕಡೆ ತಿರುಗಿದರು.

"ಇವರು ನಿಮ್ಮ ಅಣ್ಣನ ಮಗನಾ?"

"ಹೂಂ ಕಣಮ್ಮ."

"ಸಾಕು." ಮೇಡಂ ಸೀಲ್ ಎತ್ತಿದರು.

ಹಿಂದಿನಿಂದ ಕೋರ್ಟ್ ಮಾಮ ಮೂರು ಸಲ ಕೆಮ್ಮಿದರು. ಅತ್ತೆಗೆ ಪಾಠ ನೆನಪಾಯಿತು.

"ಎಲ್ಲಿ ಸಾಕು? ಪೂರ್ತಿ ಕೇಳು ತಾಯಿ. ಇವನಮ್ಮನೂ ನದಿ ಆಚೆಯವಳೇ. ಇವನು ಹುಟ್ಟಿದ್ದೂ ಅಲ್ಲೇ. ಇಪ್ಪತ್ತು ದಿನದ ಕೂಸನ್ನ ಬುಟ್ಟೀಲಿ ಮಲಗಿಸಿ, ಮೇಲೆ ಸೊಪ್ಪು ಮುಚ್ಚಿ, ದೋಣೀಲಿ ತಂದೋಳು ಇದೇ ನಾನು! ಸ್ಕೂಲಿಗೆ ಸೇರಿಸುವಾಗ ಇಲ್ಲೇ ಹುಟ್ಟಿದ್ದು ಅಂತ ಬರೆಸಿಬಿಟ್ಟೆ. ಇಷ್ಟು ವರ್ಷ ಹೊಟ್ಟೇಲಿಟ್ಕೊಂಡಿದ್ದೆ. ಈಗ ಹಗುರ ಆಯ್ತು ನೋಡು."

ಸೀಲು ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಿನಂತೆ ಗಾಳಿಯಲ್ಲೇ ನಿಂತಿತು. ಹೀರೊ ಎತ್ತಿದ್ದ ಕಾಲರನ್ನು ಮೆಲ್ಲಗೆ ಇಳಿಸಿಕೊಂಡ.

"ವರ್ಷದೊಳಗೆ ಇವರನ್ನ ಇಲ್ಲಿ ಬರೆಸಿದ್ರಾ?" ಕೇಳಿದರು ಮೇಡಂ.

"ಆಗ ಇದೆಲ್ಲ ಯಾರಿಗೆ ಗೊತ್ತಿತ್ತಮ್ಮ?"

"ಹೋಗಲಿ, ಅಲ್ಲಿ ಬರೆಸಿದ್ರಾ?"

"ಸೊಪ್ಪಿನ ಬುಟ್ಟೀನ ಯಾರಾದ್ರೂ ಬರೆಸ್ತಾರಾ?"

ಮೇಡಂ ಇಟ್ಟಿಗೆಯಂಥ ಪುಸ್ತಕ ತಿರುವಿದರು. "ಅಂದ್ರೆ ಇವರು ಇಲ್ಲಿಯವರೂ ಅಲ್ಲ, ಅಲ್ಲಿಯವರೂ ಅಲ್ಲ."

"ನನ್ನ ಕತೆ ಹಾಳಾಗಲಿ ಮೇಡಂ, ಪುಟ್ಟಿ?" ಹೀರೊ ಕೌಂಟರಿನ ಮೇಲೆ ಬಾಗಿದ.

"ಅವಳಿಗೇನ್ರೀ? ಅಪ್ಪನಿಗೆ ಯಾವ ದೇಶವೂ ಇಲ್ಲ ಅಂದ್ರೆ, ಇಲ್ಲಿ ಹುಟ್ಟಿದ ಮಗು ಹುಟ್ಟಿದ ದಿನದಿಂದಲೇ ಇಲ್ಲಿಯ ಪ್ರಜೆ. ಅರ್ಜಿ ಬೇಡ, ಸಾಕ್ಷಿ ಬೇಡ, ಫೋಟೊನೂ ಬೇಡ." ಮೇಡಂ ಫೋಟೊವನ್ನು ಹಿಂದಕ್ಕೆ ತಳ್ಳಿದರು. ನಾಲ್ಕನೇ ಸಲ.

"ಮತ್ತೆ ನಾನು?"

"ಪ್ರಜೆಯಾದ ಹೆಂಡತಿ ಇಲ್ಲಾ ಮಕ್ಕಳು ನಿಮ್ಮ ಪರವಾಗಿ ಸಹಿ ಹಾಕಿದ್ರೆ ನಿಮಗೂ ಸಿಗುತ್ತೆ."

"ಈಗಲೇ ಇವಳ ಹೆಬ್ಬೆಟ್ಟು ಒತ್ತಿಸ್ತೀನಿ!"

"ಸಹಿ ಹಾಕೋರಿಗೆ ಹದಿನೆಂಟು ತುಂಬಿರಬೇಕು. ಅಲ್ಲೀವರೆಗೂ ಮೂರು ತಿಂಗಳಿಗೊಮ್ಮೆ ಪರವಾನಗಿ. ಮೊದಲನೇದು ನಾನೇ ಬರೀತೀನಿ. ಎಲ್ಲಿ, ಈ ಕ್ಯಾಮೆರಾ ನೋಡಿ."

ಫ್ಲ್ಯಾಶ್ ಹೊಡೆಯಿತು.

"ಕಣ್ಣು ಮುಚ್ಚಿದ್ದೀರಿ. ವಾಪಸ್."

"ಪಾಪ, ನನಗೂ ಕ್ಯೂನಲ್ಲಿ ಮಾತಿಗೊಬ್ಬರು ಸಿಕ್ಕಿದ್ರು ಬಿಡಿ," ಎನ್ನುತ್ತ ಹೆಂಡತಿ ಗಂಡನ ಮೂಗಿನ ಮುಂದೆ ಕೀಲಿಗೊಂಚಲನ್ನು ಝಣಝಣ ಆಡಿಸತೊಡಗಿದಳು. ಅವಳ ಸೊಂಟದ ಮೇಲೆ ಕೂತಿದ್ದ ಈ ದೇಶದ ಪ್ರಜೆ ಬಾಯಿ ಮುಚ್ಚಿ, ಎರಡೂ ಕಣ್ಣು ಅಗಲ ಬಿಟ್ಟು, ಒಂದೇ ಒಂದು ಸಲವೂ ರೆಪ್ಪೆ ಬಡಿಯದೆ ಅಪ್ಪನನ್ನೇ ನೋಡುತ್ತಿದ್ದಳು.