ಬೂಷ್ಟು ಹಿಡಿದ ಲೆನ್ಸಿನಲ್ಲಿ ಷಷ್ಟ್ಯಬ್ದಿ

"ಉಪ್ಪಿನಕಾಯಿಗೆ ಬೂಷ್ಟು ಬಂದ್ರೆ ನಾನು ಜಾಡೀ ಸಮೇತ ಹೊರಗಿಡ್ತೀನಿ. ನೀವು ದುಡ್ಡು ಕೊಟ್ಟು ಬೂಷ್ಟು ಮನೆಗೆ ತರ್ತೀರಲ್ರೀ!"

ಅಂಬುಜಮ್ಮ ಹೀಗೆ ಗದರಿದಾಗಲೂ ಪತಿದೇವರು ಶ್ರೀಕಂಠಯ್ಯನವರು ಕೈಯಲ್ಲಿದ್ದ ಲೆನ್ಸನ್ನು ಒರೆಸುತ್ತಲೇ ಇದ್ದರು. ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಜೀವಮಾನವೆಲ್ಲ ಕಂಡವರ ಕೆಲಸದಲ್ಲಿ ಕೊಂಕು ಹುಡುಕಿ ನಿವೃತ್ತರಾದ ಈ ಮಹಾಶಯರಿಗೆ ಈಗ ಒಂದೇ ಗೀಳು. ಶಿವಾಜಿನಗರದ ಬಷೀರ್ ಸಾಹೇಬರ ಗುಜರಿ ಅಂಗಡಿಯಿಂದ ಕೆಟ್ಟುಹೋದ ಹಳೇ ಕ್ಯಾಮೆರಾ ಲೆನ್ಸು ಹೆಕ್ಕಿ ತರುವುದು, ಬಿಚ್ಚಿ ಒರೆಸಿ ಜೋಡಿಸಿ ತಮ್ಮ ಡಿಜಿಟಲ್ ಕ್ಯಾಮೆರಾಕ್ಕೆ ತಗುಲಿಸುವುದು. ಗೀರು ಬಿದ್ದದ್ದು, ಬೂಷ್ಟು ಹಿಡಿದದ್ದು, ತಿರುಗಿಸಿದರೆ ಕರಕರ ಅನ್ನುವುದು, ಎಲ್ಲ ಸೇರಿ ಬೀರುವನ್ನು ಆಕ್ರಮಿಸಿದ್ದವು. ಅಂಬುಜಮ್ಮನ ರೇಷ್ಮೆ ಸೀರೆಗಳು ಗತಿಯಿಲ್ಲದೆ ಟ್ರಂಕು ಸೇರಿದ್ದವು. (ಲೆನ್ಸಿನ ಬಳೆ ಬಿಚ್ಚಲು ಹಿಡಿತ ಸಿಗಲೆಂದು ಕುಕ್ಕರಿನ ಗ್ಯಾಸ್ಕೆಟ್ ಕೂಡ ಕದಿಯುತ್ತಿದ್ದರು. ಆ ಮನೆಯಲ್ಲಿ ಬೇಳೆ ಬೇಯದ ದಿನ ಯಾವುದೋ ಲೆನ್ಸು ಬಿಚ್ಚಿಕೊಂಡಿದೆ ಎಂದೇ ಅರ್ಥ.)

ಹೀಗಿರುವಾಗ ಅಂಬುಜಮ್ಮನ ತಮ್ಮ ಸುದರ್ಶನನ ಷಷ್ಟ್ಯಬ್ದಿ ಬಂತು. ಅರವತ್ತು ತುಂಬಿದವನಿಗೆ ಅದೇ ಹೆಂಡತಿಯ ಜೊತೆ ಮತ್ತೊಂದು ಮದುವೆ. "ಫೋಟೋದವನು ಯಾಕಯ್ಯಾ, ನಾನು ಸತ್ತಿದ್ದೀನಾ?" ಎಂದುಬಿಟ್ಟರು ಶ್ರೀಕಂಠಯ್ಯ. ಭಾವನ ಮಾತು ಮೀರಲಾಗದೆ ಸುದರ್ಶನ ಗೊತ್ತುಮಾಡಿದ್ದ ಫೋಟೋದವನನ್ನು ಬಿಡಿಸಿದ.

ಅಂಬುಜಮ್ಮ ಕೂಡಲೇ ಗಂಡನಿಗೊಂದು ಷರತ್ತು ಹಾಕಿದರು.

"ನನ್ನ ತವರಿನವರ ಮುಂದೆ ಮಾನ ಕಳೆದ್ರೋ, ಅಷ್ಟೂ ಲೆನ್ಸು ಬಷೀರ್ ಅಂಗಡಿಗೆ ವಾಪಸ್. ಚೆನ್ನಾಗಿ ಬಂತೋ, ಬೀರು ನಿಮ್ದೇ. ಆಮೇಲೆ ನಾನು ತುಟಿ ಬಿಚ್ಚಲ್ಲ."

"ಒಂದೇ ಒಂದು ಫೋಟೋ ಚೆನ್ನಾಗಿ ಬಂದ್ರೆ?"

"ಒಂದು ಸಾಕು. ನಿಮ್ಮಿಂದ ಅದಕ್ಕಿಂತ ಹೆಚ್ಚು ಕೇಳೋದು ಅನ್ಯಾಯ."

ಬೀರುವಿನ ಸಾರ್ವಭೌಮತ್ವದ ಪ್ರಶ್ನೆ! ಶ್ರೀಕಂಠಯ್ಯ ಇದ್ದುದರಲ್ಲಿ ಒಳ್ಳೆಯ ಲೆನ್ಸೊಂದನ್ನು ಬಿಚ್ಚಿ, ಬೂಷ್ಟು ಒರೆಸಿ, ಗಾಜನ್ನು ಟವೆಲಿನ ಮೇಲಿಟ್ಟು ಕಾಫಿಗೆ ಎದ್ದರು. ಬಂದು ನೋಡಿದರೆ ಗಾಜಿನ ಯಾವ ಮಗ್ಗುಲು ಮುಂದಿತ್ತೋ ಮರೆತೇ ಹೋಗಿದೆ. 'ಗಾಜು ತಾನೆ, ಕಿಟಕಿಗೆ ಯಾವ ಕಡೆಯಿಂದ ಹಾಕಿದರೂ ಬೀದಿ ಕಾಣುವುದಿಲ್ಲವೆ?' ಎಂಬ ಮಹಾಸಿದ್ಧಾಂತದೊಂದಿಗೆ ತೂರಿಸಿ ಬಿಗಿದರು. ಪರೀಕ್ಷೆಗೆಂದು ತುಳಸಿಕಟ್ಟೆಯ ಚಿತ್ರ ತೆಗೆದರು. ನಡುವಿನ ತುಳಸಿ ಎಲೆಎಲೆಯಾಗಿ ಕಂಡಿತು. ಸುತ್ತಲಿನ ಗೋಡೆ, ಗೇಟು, ಪಕ್ಕದ ಮನೆಯ ಸ್ಕೂಟರು ಎಲ್ಲ ಕಲಸಿದ ಅವಲಕ್ಕಿಯಾಗಿದ್ದವು. ಅದನ್ನು ಅವರು ನೋಡಲಿಲ್ಲ. ಕ್ವಾಲಿಟಿಯವರಿಗೆ ಸ್ವಂತ ಕೆಲಸದ ತಪ್ಪು ನೋಡುವ ರೂಢಿಯಿಲ್ಲ.

ಹಲಸೂರಿನ ಛತ್ರದಲ್ಲಿ ಆ ದಿನ ಅವರ ಓಡಾಟವೇ ಓಡಾಟ. ಮಾಂಗಲ್ಯಧಾರಣೆಯ ಹೊತ್ತಿಗೆ ಹೋಮದ ಹೊಗೆಯಲ್ಲೂ ನುಗ್ಗಿ ಕ್ಲಿಕ್ಕಿಸಿದರು. ಕೊನೆಗೆ ಗ್ರೂಪ್ ಫೋಟೋ. ಇಡೀ ಬಳಗವನ್ನು ಮೆಟ್ಟಿಲ ಮೇಲೆ ನಿಲ್ಲಿಸಿ, ಮುಂದುಗಡೆ ನಟ್ಟನಡುವೆ ತಮಗೊಂದು ಜಾಗ ಬಿಡಿಸಿ, ಟೈಮರ್ ಒತ್ತಿ ಓಡಿದರು. ಜಾಗ ತಲುಪಿದ್ದೇ ತಡ, ತಮ್ಮ ಪಂಚೆಯ ಅಂಚನ್ನು ತಾವೇ ತುಳಿದರು. ಪಂಚೆ ಕಾಲಿಗಿಳಿಯಿತು. ಬಗ್ಗಿ ಎತ್ತಿಕೊಂಡು, ತಿರುಗಿ ನಿಂತು, ಮುಗುಳ್ನಕ್ಕರು. ಅಷ್ಟರಲ್ಲಿ ಕ್ಲಿಕ್ ಎಂದದ್ದು ಮುಗುಳ್ನಗೆಗೇ ಎಂಬುದು ಅವರ ನಂಬಿಕೆ. "ಇನ್ನೊಂದು ತೆಗೀತೀನಿ" ಎನ್ನುವಾಗಲೇ ಒಳಗಿನಿಂದ "ಎಲೆ ಹಾಕಿದೆ" ಎಂಬ ಕೂಗು ಬಂತು. ಬಳಗ ಚದುರಿತು. ಸುದರ್ಶನ ಕ್ಯಾಮೆರಾದ ಕಾರ್ಡನ್ನು ಅಲ್ಲೇ ಕಿತ್ತುಕೊಂಡ.

ವಾರ ಕಳೆದು ಅವನ ಫೋನು. "ಭಾವ, ಗ್ರೂಪ್ ಫೋಟೋ ದೊಡ್ಡದಾಗಿ ಫ್ರೇಮ್ ಹಾಕಿಸಿದ್ದೀನಿ. ಅಕ್ಕನ್ನ ಕರ್ಕೊಂಡು ಬನ್ನಿ!"

"ಕೇಳಿದ್ಯೇನೇ? ಫ್ರೇಮು!" ಎನ್ನುತ್ತ ಶ್ರೀಕಂಠಯ್ಯ ಬೆನ್ಸನ್ ಟೌನ್ ತಲುಪುವವರೆಗೂ ಆಟೋದಲ್ಲಿ ಮೀಸೆ ತಿರುವಿದರು.

ಸುದರ್ಶನ ಮೊದಲು ಟಿವಿಯಲ್ಲಿ ಉಳಿದ ಚಿತ್ರ ತೋರಿಸಿದ. ಒಂದರಲ್ಲಿ ಪುರೋಹಿತರ ಹೊಟ್ಟೆ ಸ್ಪಷ್ಟ, ವಧೂವರರು ಹೊಗೆ. ಇನ್ನೊಂದರಲ್ಲಿ ಕಳಶದ ತೆಂಗಿನಕಾಯಿಗೆ ಮೂರು ಕಣ್ಣೂ ಇದ್ದವು, ತಾಳಿ ಕಟ್ಟುವವನಿಗೆ ಮುಖವೇ ಇರಲಿಲ್ಲ. ಅವನ ಹೆಂಡತಿ ರಂಜನಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಗೋಡೆಯತ್ತ ಕೈ ತೋರಿದಳು.

ಗೋಡೆಯ ಮೇಲೆ ಇಡೀ ಬಳಗ ಕಲಸಿ ಸುತ್ತುತ್ತಿತ್ತು. ನಟ್ಟನಡುವೆ, ಲೋಕಕ್ಕೆ ಬೆನ್ನು ತಿರುಗಿಸಿ ಬಗ್ಗಿದ ಶ್ರೀಕಂಠಯ್ಯನವರ ಪಟ್ಟೆಪಟ್ಟೆ ಚಡ್ಡಿ ಮಾತ್ರ ಒಂದೊಂದು ನೂಲೂ ಎಣಿಸುವಷ್ಟು ಸ್ಪಷ್ಟವಾಗಿ ಬಂದಿತ್ತು.

"ತೆಗೆಯೋ ಅದನ್ನ!" ಶ್ರೀಕಂಠಯ್ಯ ಬೆವತುಹೋದರು.

"ತಡೀರಿ," ಎಂದರು ಅಂಬುಜಮ್ಮ. "ಒಂದಾದ್ರೂ ಚೆನ್ನಾಗಿರ್ಬೇಕು ಅಂತ ತಾನೇ ಮಾತು? ಉಳಿದವಂತೂ ಹಾಳಾದವು. ಇದು ಕೆಟ್ಟದಾಗಿದೆ ಅನ್ನಿ, ಈಗ್ಲೇ ತೆಗೆಸ್ತೀನಿ. ಹಾಗೇ ಶಿವಾಜಿನಗರಕ್ಕೆ ಹೋಗಿ ಬಷೀರ್ ಸಾಹೇಬ್ರಿಗೂ ಹೇಳಿ ಬರೋಣ."

ಶ್ರೀಕಂಠಯ್ಯ ಚಡ್ಡಿ ನೋಡಿದರು. ಬೀರು ನೆನೆದರು. ಮತ್ತೆ ಚಡ್ಡಿ ನೋಡಿದರು.

"ಬೆಳಕು... ಬೆಳಕು ಚೆನ್ನಾಗಿ ಬಿದ್ದಿದೆ."

"ಬೆಳಕು ಬಿಡಿ. ಫೋಟೋ?"

"ಚೆನ್ನಾಗಿ ಬಂದಿದೆ ಕಣೇ."

"ಕೇಳಿದ್ಯೇನೋ ಸುದರ್ಶನಾ, ನಿಮ್ಮ ಭಾವನೇ ಒಪ್ಪಿಬಿಟ್ರು," ಎಂದರು ಅಂಬುಜಮ್ಮ. "ಇನ್ನೊಂದು ಇಂಥದ್ದೇ ಫ್ರೇಮ್ ಹಾಕಿಸು, ನಮ್ಮ ಹಾಲ್‌ಗೂ ಬೇಕು."