ಬೆವರು ಬೀಳದ ಗಂಧ

ಚೈತ್ರದಲ್ಲಿ ಬೆವರಿದ್ದಕ್ಕೆ ಸೂರ್ಯನಾರಾಯಣನನ್ನು ದೂರುವವರನ್ನು ನಮ್ಮ ಭಾವನವರು ಕ್ಷಮಿಸಲಾರರು! "ಬಿಸಿಲು ಬರೀ ಕರೆಯೋಲೆ ಕಣಯ್ಯಾ. ನೀರು ಹೊರಡಿಸೋದು ತೋಳು, ತೊಡೆಗಳ ದುಡಿಮೆ" ಎಂಬುದು ಅವರ ಸಿದ್ಧಾಂತ. ಅಕ್ಕ ಕಣ್ಮುಚ್ಚಿ ನಾಲ್ಕು ವರ್ಷ. ದೊಡ್ಡಬಳ್ಳಾಪುರದ ಮನೆಯಲ್ಲಿ ಇವರೊಬ್ಬರೇ.

ಈ ಸಿದ್ಧಾಂತವನ್ನು ಅವರು ಕಾಲಲ್ಲೂ ಆಚರಿಸುತ್ತಾರೆ. ಒಮ್ಮೆ ಘಾಟಿಯ ದೇವಸ್ಥಾನಕ್ಕೆ ಹೊರಟಾಗ ಬಸ್ಸು ಕದಲುತ್ತಿತ್ತು.

"ಬೇಗ ಬನ್ನಿ ಯಜಮಾನ್ರೇ!" ಎಂದು ಕಂಡಕ್ಟರ್ ಕೂಗಿದ. ಇವರೋ, ಉತ್ಸವಮೂರ್ತಿಯಂತೆ ಮಂದಗಮನ!

ಬಸ್ಸು ಹೋಯಿತು. ನಾನು ಸಿಡುಕಿದೆ.

"ಇನ್ನೊಂದು ಬಸ್ಸು ಬರುತ್ತೆ. ಓಡಿ ಬೆವರಿದ್ರೆ, ಹೋದ ಮಡಿ ಬರುತ್ತೇನಯ್ಯಾ?"

ನನ್ನ ಅನುಮಾನ ನಿವಾರಿಸಲು ಒಂದು ಪರೀಕ್ಷೆಯನ್ನೂ ನಡೆಸಿದರು. ಕರೆಂಟಿಲ್ಲದ ಮಧ್ಯಾಹ್ನ. ತಾವು ಬಿಸಿಲಲ್ಲಿ ಸುಮ್ಮನೆ ಕುಳಿತು, ನನ್ನಿಂದ ಸಂಪಿನ ನೀರು ಸೇದಿಸಿದರು. "ನೋಡು, ಇಬ್ಬರಿಗೂ ಒಂದೇ ಬಿಸಿಲು. ನನಗೆ ಬರೀ ತೇವ, ನೀನು ತೊಟ್ಟಿಕ್ತಿದ್ದೀಯ!" ನಾನು ತಲೆಬಾಗಿ ಒಪ್ಪಿದೆ. ಅವರ ಸ್ನಾನದ ಹಂಡೆ ತುಂಬಿತ್ತೆಂಬುದು ಹೊಳೆದದ್ದು ಮನೆಗೆ ಮರಳಿದ ಮೇಲೆ!

ಈ ರಾಮನವಮಿಯಂದು ಮಾತ್ರ ಸಿದ್ಧಾಂತ ಕೈಕೊಟ್ಟಿತು. ಬೀದಿಯ ರಾಮದೇವರಿಗೆ ಗಂಧ ಇವರ ಮನೆಯದೇ. ನಾಲ್ಕು ವರ್ಷದಿಂದ ನಿಂತಿದ್ದ ಆ ಸೇವೆಯನ್ನು ಈ ಸಲ ಮತ್ತೆ ಹಿಡಿದಿದ್ದರು. ಮಂಗಳಾರತಿಗೆ ಮುನ್ನ ಒಂದು ಬಟ್ಟಲು ತುಂಬಬೇಕು. ತೇಯುವಾಗ ಬೆವರಿನ ಹನಿ ಸಾಣೆಕಲ್ಲಿಗೆ ಬಿದ್ದರೆ ಅದು ದೇವರಿಗೆ ಸಲ್ಲದು. ಕಲ್ಲು ತೊಳೆದು ಮೊದಲಿನಿಂದ ತೇಯಬೇಕು. ನಾನು ಮಿಂದು ಮಡಿಯುಟ್ಟು ಹೋದಾಗ ಅವರು ಮೂರನೆಯ ಸಲ ತೊಳೆಯುತ್ತಿದ್ದರು. ಬಟ್ಟಲು ಬರಿದು. ಮಣಿಕಟ್ಟನ್ನಷ್ಟೇ ಆಡಿಸಿದರೆ ಗಂಧ ಏಳದು. ಭುಜ ಹಾಕಿದರೆ ಹಣೆ ತೊಟ್ಟಿಕ್ಕುತ್ತದೆ.

"ಫ್ಯಾನ್ ಹಾಕಲೇ ಭಾವ?"

"ಗಂಧ ಒಣಗಿಹೋಗುತ್ತೆ."

"ಮತ್ತೆ ಮುಂಚೆ ವರ್ಷ ವರ್ಷ ಹೇಗೆ ತೇಯ್ತಿದ್ರಿ? ಆಗ ತೋಳಿಗೆ ದುಡಿಮೆ ಇರ್ಲಿಲ್ವೇ?"

ಅವರು ಗಂಧದ ಕೊರಡನ್ನು ಕೆಳಗಿಟ್ಟರು.

"ಧಾರಾಕಾರ ಬೆವರ್ತಿದ್ದೆ ಕಣಯ್ಯಾ. ನಿಮ್ಮಕ್ಕ ಪಕ್ಕದಲ್ಲಿ ಕೂತು ಒರೆಸ್ತಿದ್ಲು."

ನಾಲ್ಕು ವರ್ಷ ಆ ಸಿದ್ಧಾಂತವನ್ನು ಕೇಳಿ ನಗುತ್ತಿದ್ದವನು ನಾನು. ಹಗ್ಗದ ಮೇಲಿದ್ದ ಮಡಿವಸ್ತ್ರ ತಂದು ಅವರ ಬಲಕ್ಕೆ ಕುಳಿತು, ಹಣೆ ಒರೆಸಿದೆ.

ಭಾವನವರು ಕೊರಡು ಹಿಡಿದರು. ನಾಲ್ಕು ವರ್ಷ ಜೋಪಾನವಾಗಿ ಕಾಪಾಡಿದ್ದ ಭುಜವನ್ನು ಪೂರ್ತಿ ಹಾಕಿದರು. ಬೆವರು ಇಳಿಯಿತು, ನಾನು ಒರೆಸಿದೆ, ಗಂಧ ಎದ್ದಿತು. ಬಟ್ಟಲು ಅರ್ಧವಾದಾಗ ಅವರು ತಲೆಯೆತ್ತದೆ ಮೆಲ್ಲನೆ ಹೇಳಿದರು:

"ಅವಳು ಎಡಗಡೆ ಕೂರ್ತಿದ್ಲು."

ನಾನೆದ್ದು ಎಡಕ್ಕೆ ಬಂದು ಕುಳಿತೆ.