ಚೊಕ್ಕ ಮಾಡಿದ ಆಕಾಶ

ಎಲ್ಲ ಅನಾಹುತಕ್ಕೂ ಕಾರಣ ಸ್ಟುಡಿಯೋ ತಾತನ ಒಳ್ಳೆಯತನ. ಕೆಟ್ಟವರು ಮಾಡುವ ಕೆಡುಕಿನಿಂದ ಹೇಗಾದರೂ ಪಾರಾಗಬಹುದು, ಒಳ್ಳೆಯವರು ಮಾಡುವ ಉಪಕಾರದಿಂದ ತಪ್ಪಿಸಿಕೊಂಡವರನ್ನು ಮಾತ್ರ ಯಾರೂ ಕಂಡಿಲ್ಲ.

ಬೆಳಗ್ಗೆ ಹತ್ತಕ್ಕೆ ಮೀಟರಯ್ಯ ತಾತನ ಫೋಟೋ ಸ್ಟುಡಿಯೋಗೆ ಬಂದು ಒಂದು ಪೆನ್‌ಡ್ರೈವ್ ಕೊಟ್ಟು, "ದೊಡ್ಡದಾಗಿ ಒಂದು ಪ್ರಿಂಟ್ ಹಾಕಿಡಿ ತಾತ, ಮೂರೂವರೆಗೆ ಬರ್ತೀನಿ" ಎಂದು ಹೇಳಿ ಕೆಲಸಕ್ಕೆ ಹೋಗಿದ್ದ. ಮನೆಮನೆಯ ನೀರಿನ ಮೀಟರ್ ಓದಿ ಬರೆದುಕೊಳ್ಳುವುದು ಅವನ ಉದ್ಯೋಗ. ಹೆಸರು ಹಿಡಿದು ಕರೆಯುವವರೇ ಇಲ್ಲದೆ ಊರಿಗೆಲ್ಲ ಅವನು ಮೀಟರಯ್ಯ. ಹಗಲೆಲ್ಲ ಬಗ್ಗಿ ಗುಂಡಿಯೊಳಗಿನ ಮೀಟರಿನ ಮುಳ್ಳು ನೋಡುವವನು ರಾತ್ರಿಯಾದರೆ ಕತ್ತೆತ್ತಿ ಆಕಾಶ ನೋಡುತ್ತಿದ್ದ. ಯಾರೋ ಬಳಸಿ ಬಿಟ್ಟ ಒಂದು ಕ್ಯಾಮೆರಾ, ಬಾಗಿಲಿನ ಕೀಲು ಹಾಕಿ ಜೋಡಿಸಿದ ಎರಡು ಹಲಗೆ, ಅದಕ್ಕೊಂದು ಉದ್ದನೆಯ ತಿರುಪು. ಇಷ್ಟೇ ಅವನ ಸರಂಜಾಮು. ಭೂಮಿ ತಿರುಗಿದ ಹಾಗೆ ನಕ್ಷತ್ರಗಳು ಜರುಗುತ್ತವಲ್ಲ, ಅವು ಚಿತ್ರದಲ್ಲಿ ಗೀರಾಗದಂತೆ ಆ ತಿರುಪನ್ನು ನಿಮಿಷಕ್ಕೊಂದು ಸುತ್ತು ಕೈಯಲ್ಲೇ ತಿರುಗಿಸಬೇಕು. ಏಳು ತಿಂಗಳು ತಿರುಗಿಸಿದ. ಬಂದದ್ದು ಬರೀ ಗೀರು, ಮಂಜು, ಒಂದು ಸಲ ಪಕ್ಕದ ಮನೆಯ ನೀರಿನ ಟ್ಯಾಂಕು. ಈ ವಾರ ಮಾತ್ರ ಮೂರು ರಾತ್ರಿ ಆಕಾಶ ತಿಳಿಯಾಗಿತ್ತು. ಸಪ್ತರ್ಷಿ ಮಂಡಲದ ಹತ್ತಿರದ ಒಂದು ಗ್ಯಾಲಕ್ಸಿ, ಸುರುಳಿ ಸುತ್ತಿಕೊಂಡು, ಕೊನೆಗೂ ಕೈಗೆ ಸಿಕ್ಕಿತು. ನಾನೂರು ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿ ಒಂದೇ ಚಿತ್ರ ಮಾಡಿದಾಗ ಅವನಿಗೆ ಸಂತೋಷಕ್ಕೆ ಅಳುವೇ ಬಂತು.

ಹೆಂಡತಿಗೆ ಬಂದದ್ದು ಬೇರೆ. "ಏಳು ತಿಂಗಳಿಂದ ತಾರಸಿ ಮೇಲೆ ಬಟ್ಟೆ ಒಣಹಾಕೋಕೆ ಜಾಗ ಇಲ್ಲ. ಹಗ್ಗ ಕಟ್ಟಿದ್ರೆ ಆಕಾಶಕ್ಕೆ ಅಡ್ಡ ಅಂತೀರಿ. ಇವತ್ತು ಗ್ರಂಥಾಲಯದ ಪ್ರದರ್ಶನದಲ್ಲಿ ನಿಮ್ಮ ಚಿತ್ರ ಗೋಡೆ ಮೇಲೆ ನಿಂತ್ರೆ ತಾರಸಿ ನಿಮ್ದು. ನಿಲ್ಲಲಿಲ್ವೋ, ಹಲಗೆ ಕೆಳಗೆ, ಹಗ್ಗ ಮೇಲೆ."

ಮೂರೂವರೆಗೆ ಅವನು ಬಂದಾಗ ತಾತ ಬೀಗರನ್ನು ಎದುರುಗೊಳ್ಳುವವರ ಹಾಗೆ ಬಾಗಿಲಿಗೇ ಬಂದರು.

"ಬಾರಪ್ಪ. ನಿನ್ನ ಕ್ಯಾಮೆರಾ ಒಳಗೆ ಅದೆಷ್ಟು ಧೂಳು ಕಣಯ್ಯ. ಚಿತ್ರದ ತುಂಬ ಬಿಳಿ ಚುಕ್ಕಿ. ಪ್ರಿಂಟ್ ಹಾಕಿ, ಊಟಕ್ಕೂ ಏಳದೆ ಕಪ್ಪು ಬಣ್ಣದ ಬ್ರಷ್ ಹಿಡಿದು ಒಂದೊಂದನ್ನೇ ಮುಚ್ಚಿದೀನಿ. ಮಧ್ಯದಲ್ಲಿ ಆ ದೊಡ್ಡ ಕಲೆ ಒಂದು ಉಳೀತು. ಅದೇನು, ಲೆನ್ಸಿಗೆ ಬೆರಳು ಒತ್ತಿಬಿಟ್ಟಿದ್ಯಾ?"

ಮೀಟರಯ್ಯ ನೋಡಿದ. ಮೇಜಿನಗಲದ ಕಡುಕಪ್ಪು ಹಾಳೆ, ನಡುವೆ ದಿಕ್ಕಿಲ್ಲದ ಒಂಟಿ ಗ್ಯಾಲಕ್ಸಿ.

"ತಾತ, ಅವು ನಕ್ಷತ್ರ."

"ಎಲ್ಲಾನೂ?"

"ಎಲ್ಲಾನೂ."

"ಹಾಗಾದ್ರೆ ಕಲೆ?"

"ಅದೇ ಗ್ಯಾಲಕ್ಸಿ."

ತಾತ ಕನ್ನಡಕ ತೆಗೆದು ಸ್ಟೂಲಿನ ಮೇಲೆ ಕುಸಿದರು. ನಲವತ್ತು ವರ್ಷ ಊರಿನ ಮೊಡವೆ, ಮಚ್ಚೆಗಳನ್ನೆಲ್ಲ ಮುಚ್ಚಿ ಎಷ್ಟೋ ಮದುವೆ ಕುದುರಿಸಿದ ಬ್ರಷ್ಷು ಅದು. ಎಂದೂ ಹೀಗೆ ಕೈಕೊಟ್ಟಿರಲಿಲ್ಲ.

"ಇನ್ನೊಂದು ಪ್ರಿಂಟ್ ಹಾಕಿಬಿಡಿ ತಾತ. ನಾಲ್ಕೂವರೆ ಒಳಗೆ ಕೊಡಬೇಕು."

"ಕಪ್ಪು ಇಂಕು ಖಾಲಿ ಕಣಪ್ಪ. ನಿನ್ನ ಆಕಾಶವೇ ಪೂರ್ತಿ ಕುಡಿದುಬಿಡ್ತು. ಹೊಸದು ಬರೋದು ನಾಳೆ."

ಮೀಟರಯ್ಯನ ಕಣ್ಣ ಮುಂದೆ ಹಗ್ಗದ ತುಂಬ ಒದ್ದೆ ಬಟ್ಟೆ ಹಾರಾಡಿತು. ಕೆಡಿಸಿದವರೇ ಕೊನೆಗೆ ದಾರಿಯನ್ನೂ ತೋರಿಸಿದರು. "ಚುಕ್ಕಿ ಮುಚ್ಚಿದ ಕೈಗೆ ಚುಕ್ಕಿ ಹಾಕೋಕೆ ಬರಲ್ವಾ? ಬಿಳಿ ಬಣ್ಣ ಇದೆ. ಎಲ್ಲೆಲ್ಲಿ ಇತ್ತು ಅಂತ ಹೇಳ್ತಾ ಹೋಗು."

ಮೀಟರಯ್ಯ ಮೊಬೈಲಿನಲ್ಲಿದ್ದ ಅಂಗೈಯಗಲದ ಚಿತ್ರ ನೋಡಿ ಹೇಳತೊಡಗಿದ, "ಬಲಕ್ಕೆ, ಇನ್ನೂ ಸ್ವಲ್ಪ ಕೆಳಗೆ." ಪಕ್ಕದ ಕ್ಷೌರದಂಗಡಿಯವನು ಸದ್ದು ಕೇಳಿ, ಅರ್ಧ ಮುಖಕ್ಕೆ ಸೋಪು ಹಚ್ಚಿಸಿಕೊಂಡಿದ್ದ ಗಿರಾಕಿಯ ಸಮೇತ ಬಂದು ನಿಂತ. ಬಂದವರು ಸುಮ್ಮನಿರುತ್ತಾರೆಯೇ?

"ಎಡಗಡೆ ಬಣಬಣ ಅಂತಿದೆಯಲ್ಲ ತಾತ" ಎಂದಿತು ಸೋಪಿನ ಮುಖ.

"ಹೌದಲ್ವಾ" ಎಂದು ತಾತ ಅಲ್ಲಿ ನಾಲ್ಕು ಚುಕ್ಕಿ ಇಟ್ಟರು.

"ಅಲ್ಲಿ ನಕ್ಷತ್ರ ಇಲ್ಲ ತಾತ."

"ಇದ್ರೆ ಯಾರಿಗೇನು ನಷ್ಟ? ಅಷ್ಟು ದೊಡ್ಡ ಆಕಾಶ."

ಮೀಟರಯ್ಯ ಗಡಿಯಾರ ನೋಡಿದಾಗಲೊಂದು, ಬೆವರೊರೆಸಿಕೊಂಡಾಗಲೊಂದು, ಹೀಗೆ ಎಷ್ಟು ಹೊಸ ನಕ್ಷತ್ರಗಳು ಹುಟ್ಟಿದವೋ ತಾತನಿಗೇ ಗೊತ್ತಿರಲಿಲ್ಲ. ನಾಲ್ಕು ಇಪ್ಪತ್ತಕ್ಕೆ ಹಸಿ ಬಣ್ಣದ ಬ್ರಹ್ಮಾಂಡವನ್ನು ಇಬ್ಬರೂ ಎರಡು ತುದಿ ಹಿಡಿದುಕೊಂಡು ಗ್ರಂಥಾಲಯಕ್ಕೆ ಓಡಿದರು.

ಚಿತ್ರ ಗೋಡೆಗೇರಿತು. ಹೆಂಡತಿ ಬಂದು ನೋಡಿ, ಅಕ್ಕಪಕ್ಕದವರಿಗೆ ಕಾಣುವ ಹಾಗೆ ಅದರ ಕೆಳಗೇ ನಿಂತಳು. ನೀರಿನ ಆಫೀಸಿನ ಹೆಡ್‌ಕ್ಲರ್ಕ್ ಬಂದು, "ಇದೇನಯ್ಯ, ಕರಿ ಬಟ್ಟೆಗೆ ಸುಣ್ಣ ಸಿಡಿದ ಹಾಗಿದೆ" ಎಂದರು. ಮೀಟರಯ್ಯ ನಕ್ಕ. ಗೋಡೆಯ ಮೇಲಿದೆಯಲ್ಲ, ಸಾಕು.

ಐದಕ್ಕೆ ತೀರ್ಪುಗಾರರು ಬಂದರು. ಅರ್ಧ ಊರಿಗೆ ಭೌತಶಾಸ್ತ್ರ ಕಲಿಸಿ, ಮಿಕ್ಕರ್ಧ ಊರನ್ನು ಬೆಂಚಿನ ಮೇಲೆ ನಿಲ್ಲಿಸಿ ನಿವೃತ್ತರಾದ ಮೇಡಂ. ಸೂರ್ಯಾಸ್ತಗಳನ್ನೂ ಬೆಕ್ಕಿನ ಮರಿಗಳನ್ನೂ ದಾಟಿ ಬಂದವರು ಗ್ಯಾಲಕ್ಸಿಯ ಮುಂದೆ ನಿಂತೇಬಿಟ್ಟರು. ಭೂತಗನ್ನಡಿ ಹಿಡಿದು ನೋಡಿದರು.

"ಈ ಗ್ಯಾಲಕ್ಸೀನ ಮೂವತ್ತು ವರ್ಷದಿಂದ ನೋಡ್ತಿದೀನಿ. ಇದರ ಸುರುಳಿ ತೋಳಿನ ಮೇಲೆ ಈ ಚುಕ್ಕಿ ಯಾವತ್ತೂ ಇರಲಿಲ್ಲ. ಇದು ನಕ್ಷತ್ರ ಸಿಡಿದಿರೋದು ಕಣೋ. ಸೂಪರ್‌ನೋವಾ." ಮೊಬೈಲ್ ತೆಗೆದರು. "ನನ್ನ ಶಿಷ್ಯೆ ವೇಧಶಾಲೆಯಲ್ಲಿದಾಳೆ. ಮೊದಲು ತಿಳಿಸಿದವರ ಹೆಸರೇ ದಾಖಲಾಗೋದು. ಎಲ್ಲಿ, ನಿನ್ನ ಪೂರ್ತಿ ಹೆಸರು ಹೇಳು."

ಪೂರ್ತಿ ಹೆಸರು. ಸಂಬಳದ ದಿನ ಬಿಟ್ಟರೆ ಅದನ್ನು ಯಾರೂ ಕೇಳಿರಲಿಲ್ಲ. ಹೆಂಡತಿಯ ಮುಖ ಅರಳಿತ್ತು. ಹೆಡ್‌ಕ್ಲರ್ಕ್ ಬಾಯಿ ತೆರೆದುಕೊಂಡು ನಿಂತಿದ್ದರು. ಮೀಟರಯ್ಯ ತಾತನ ಕಡೆ ನೋಡಿದ. ತಾತ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದರು. ಗಡಿಯಾರದಲ್ಲಿ ಐದೂ ಕಾಲು.

ಬಾಯಿಗೆ ಬಂದ ತುತ್ತು. ನುಂಗಬಹುದಿತ್ತು. ಆದರೆ ಮೇಡಂ ಈ ವಯಸ್ಸಿನಲ್ಲಿ ಒಂದು ತೊಟ್ಟು ಬಣ್ಣಕ್ಕಾಗಿ ನಾಲ್ಕು ಜನರೆದುರು ನಗೆಪಾಟಲಾಗುವುದು ಅವನಿಗೆ ಸಹಿಸಲಾಗಲಿಲ್ಲ.

"ಫೋನ್ ಇಡಿ ಮೇಡಂ. ಅದು ನಕ್ಷತ್ರ ಅಲ್ಲ, ಬಣ್ಣ" ಎಂದು ಧೂಳಿನಿಂದ ಹಿಡಿದು ಸೋಪಿನ ಮುಖದವರೆಗೆ ಎಲ್ಲವನ್ನೂ ಒದರಿಬಿಟ್ಟ.

ಸಭೆ ಬಿದ್ದು ಬಿದ್ದು ನಕ್ಕಿತು. ಮೇಡಂ ನಗಲಿಲ್ಲ. "ಹತ್ತನೇ ಕ್ಲಾಸಲ್ಲೂ ನೀನು ಹೀಗೇ. ಪ್ರಯೋಗ ಮಾಡದೇ ರೀಡಿಂಗ್ ಬರೀತಿದ್ದೆ" ಎಂದು ಮೊಬೈಲ್ ಚೀಲಕ್ಕೆ ಹಾಕಿಕೊಂಡು ಹೊರಟೇಹೋದರು. ಗ್ರಂಥಪಾಲಕರು ಚಿತ್ರ ಇಳಿಸಿ ಮೀಟರಯ್ಯನ ಕೈಗಿತ್ತರು.

ಮೆಟ್ಟಿಲ ಮೇಲೆ ಕೂತು ಅವನು ಕೇಳಿದ, "ಅಲ್ಲ ತಾತ, ಹಾಕೋದು ಹಾಕಿದ್ರಿ, ಹೋಗಿ ಹೋಗಿ ಗ್ಯಾಲಕ್ಸಿ ಮೇಲೇ ಯಾಕೆ ಹಾಕಿದ್ರಿ?"

"ನಾನೆಲ್ಲಿ ಹಾಕಿದೆ? ಆ ಕಲೆ ಹತ್ರ ನಾನು ಬ್ರಷ್ಷೇ ತಗೊಂಡು ಹೋಗಿಲ್ಲ. ಮುಚ್ಚೋಕೂ ಇಲ್ಲ, ಇಡೋಕೂ ಇಲ್ಲ. ಅದು ನಿಂದೇ."

ಮೀಟರಯ್ಯ ಎದ್ದವನು ಮನೆಯವರೆಗೆ ಓಡಿದ. ಹಿಂದೆ ಹೆಂಡತಿ, ಅವಳ ಹಿಂದೆ ಏದುಸಿರು ಬಿಡುತ್ತ ತಾತ. ಕಂಪ್ಯೂಟರ್ ತೆರೆದರೆ ಚುಕ್ಕಿ ಅಲ್ಲೇ ಇತ್ತು. ಮೊದಲ ರಾತ್ರಿಯ ಚಿತ್ರಗಳಲ್ಲಿ ಮಂಕಾಗಿ, ಎರಡನೆಯ ರಾತ್ರಿ ಕೊಂಚ ಹೊಳೆದು, ನಿನ್ನೆ ರಾತ್ರಿ ಚೆನ್ನಾಗಿ ಬೆಳಗಿ. ಆರಕ್ಕೆ ಹತ್ತು ನಿಮಿಷ ಇರುವಾಗ ವೇಧಶಾಲೆಗೆ ಮೇಲ್ ಕಳಿಸಿದ. ಪೂರ್ತಿ ಹೆಸರನ್ನು ಎರಡು ಸಲ ಬರೆದ.

ಅರ್ಧ ಗಂಟೆಯಲ್ಲಿ ಉತ್ತರ ಬಂತು. ಹೆಂಡತಿಯೇ ಗಟ್ಟಿಯಾಗಿ ಓದಿದಳು. "ನಿಮ್ಮ ಚಿತ್ರ ಅತ್ಯುತ್ತಮವಾಗಿದೆ. ನೀವು ತಿಳಿಸಿದ್ದು ನಿಜಕ್ಕೂ ಸೂಪರ್‌ನೋವಾ. ಆದರೆ ಇಂದು ಸಂಜೆ ಐದೂ ಮೂವತ್ತೈದಕ್ಕೆ ಒಬ್ಬ ದಂತವೈದ್ಯರು ಇದನ್ನೇ ತಿಳಿಸಿದ್ದು, ಅವರ ಹೆಸರು ದಾಖಲಾಗಿದೆ."

ಮೂವರೂ ಲೆಕ್ಕ ಹಾಕಿದರು. ಮೇಡಂ ಫೋನ್ ಹಿಡಿದದ್ದು ಐದೂ ಕಾಲಿಗೆ. ಹೆಂಡತಿಗೆ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗುತ್ತಲೇ ಗಂಡನ ತಲೆ ಸವರಿ, "ಇಂಥ ಸತ್ಯಹರಿಶ್ಚಂದ್ರನ್ನ ಕಟ್ಕೊಂಡಿದೀನಲ್ಲ, ನನಗೆ ಹೆಮ್ಮೆನೇ ರೀ" ಎಂದಳು. "ಆದ್ರೆ ಚಿತ್ರ ಗೋಡೆ ಮೇಲೆ ನಿಲ್ಲಲಿಲ್ಲ. ಬನ್ನಿ, ಹಗ್ಗದ ಆ ತುದಿ ಹಿಡ್ಕೊಳ್ಳಿ."

ಮೀಟರಯ್ಯ ಹಗ್ಗದ ತುದಿ ಹಿಡಿದು ತಾರಸಿ ಹತ್ತಿದ. ತಾತ ಅವನ ಬೆನ್ನ ಮೇಲೆ ಕೈಯಿಟ್ಟು ಸಮಾಧಾನ ಹೇಳುತ್ತ ಹಿಂದೆಯೇ ಹತ್ತಿದರು.

"ಬೇಜಾರು ಮಾಡ್ಕೋಬೇಡಪ್ಪ, ತಪ್ಪೆಲ್ಲ ನಂದೇ. ಬೆಳಗ್ಗೆನೇ ಆ ಕಲೇನೂ ಮುಚ್ಚಿಬಿಟ್ಟಿದ್ರೆ ನಿನಗೆ ಈ ಸಂಕಟಾನೇ ಇರ್ತಿರಲಿಲ್ಲ."